ಅಳೆದದ್ದು ಯಾವುದು, ಹೇಳಿದ್ದು ಯಾವುದು: ವೈದ್ಯಕೀಯ, ನಾಯಕತ್ವ ಮತ್ತು ಗ್ರಾಹಕ ವರ್ತನೆಯ ಸಂಶೋಧನಾ ಪ್ರಬಂಧಗಳನ್ನು ಓದುವ ಕ್ರಮ

ದಿನಪತ್ರಿಕೆಯ ಆರೋಗ್ಯ ಪುಟದಲ್ಲಿ, ಕಚೇರಿಯ ತರಬೇತಿ ಶಿಬಿರದಲ್ಲಿ, ಮಾರಾಟ ವಿಭಾಗದ ಸಭೆಯಲ್ಲಿ ‘ಸಂಶೋಧನೆಯಿಂದ ದೃಢಪಟ್ಟಿದೆ’ ಎಂಬ ಮಾತು ಒಂದೇ ದನಿಯಲ್ಲಿ ಕೇಳಿಬರುತ್ತದೆ. ಹೃದಯಕ್ಕೆ ಯಾವ ಮಾತ್ರೆ ಒಳ್ಳೆಯದು, ಒಳ್ಳೆಯ ಮುಖ್ಯಸ್ಥರು ಹೇಗಿರುತ್ತಾರೆ, ಅಂಗಡಿಗೆ ಬಂದವರು ಯಾವುದನ್ನು ನೋಡಿ ಕೊಳ್ಳುತ್ತಾರೆ ಎಂಬ ಮೂರು ಪ್ರಶ್ನೆಗಳೂ ಬೇರೆ ಬೇರೆ ಲೋಕಕ್ಕೆ ಸೇರಿದವು. ಆದರೆ ಅವುಗಳ ಉತ್ತರ ನಮ್ಮವರೆಗೆ ಬರುವುದು ಸಂಶೋಧನಾ ಪ್ರಬಂಧ ಎಂಬ ಒಂದೇ ದಾರಿಯಲ್ಲಿ. ಆಯಾ ಶಾಸ್ತ್ರದ ಪದವಿ ಇಲ್ಲದೆ ಅವನ್ನು ಓದಲಾಗದು ಎಂಬ ಅಂಜಿಕೆಯಿಂದ ಬಹಳ ಮಂದಿ ಮೂಲ ಪ್ರಬಂಧವನ್ನು ತೆರೆಯುವುದೇ ಇಲ್ಲ. ಈ ಅಂಜಿಕೆಗೆ ಅಷ್ಟು ಆಧಾರವಿಲ್ಲ ಎಂಬುದು ನನ್ನ ಅನುಭವ. ಅಧ್ಯಯನಕಾರರು ನಿಜವಾಗಿ ಅಳೆದದ್ದು ಯಾವುದು, ಕೊನೆಗೆ ಅವರು ಹೇಳಿದ್ದು ಯಾವುದು ಎಂಬ ಎರಡನ್ನೂ ಬೇರೆ ಬೇರೆಯಾಗಿ ಬರೆದುಕೊಂಡು ಅಕ್ಕಪಕ್ಕ ಇಟ್ಟು ನೋಡುವ ಅಭ್ಯಾಸವಿದ್ದರೆ, ಮೂರು ಕ್ಷೇತ್ರಗಳ ಪ್ರಬಂಧಗಳನ್ನೂ ಸಾಮಾನ್ಯ ಓದುಗರು ಮುಕ್ಕಾಲು ಗಂಟೆಯಲ್ಲಿ ಪರಿಶೀಲಿಸಬಹುದು. ಕೆಳಗಿನ ಹೆಜ್ಜೆಗಳು ಆ ಅಭ್ಯಾಸಕ್ಕಾಗಿ. ಒಂದು ನೋಟ್‌ಬುಕ್ ಮತ್ತು ಪೆನ್ನು ಜೊತೆಗಿರಲಿ.

ಹೆಜ್ಜೆ 1: ಮೂಲ ಪ್ರಬಂಧವನ್ನು ಹುಡುಕಿ ತೆಗೆಯಿರಿ

ಸುದ್ದಿಯಲ್ಲಿ ಸಂಶೋಧನಾ ಪತ್ರಿಕೆಯ ಹೆಸರು, ವರ್ಷ ಮತ್ತು ವಿಷಯದ ಎರಡು ಮುಖ್ಯ ಪದಗಳು ಇದ್ದರೆ ಗೂಗಲ್ ಸ್ಕಾಲರ್‌ನಲ್ಲಿ ಮೂಲ ಪ್ರಬಂಧ ಸಾಮಾನ್ಯವಾಗಿ ಸಿಗುತ್ತದೆ. ವೈದ್ಯಕೀಯ ವಿಷಯವಾದರೆ ಪಬ್‌ಮೆಡ್ ಹೆಚ್ಚು ನಂಬಲರ್ಹ. ಅಲ್ಲಿ ಸಾರಾಂಶಗಳು ಎಲ್ಲರಿಗೂ ಉಚಿತ, ಮತ್ತು ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಅನೇಕ ಪ್ರಬಂಧಗಳ ಪೂರ್ಣಪಾಠವೂ ಇದೆ. ಭಾರತದ ವಿಶ್ವವಿದ್ಯಾಲಯಗಳಿಗೆ ಸಲ್ಲಿಸಿದ ಪಿಎಚ್.ಡಿ. ಮಹಾಪ್ರಬಂಧಗಳನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾದಲ್ಲಿ ಹುಡುಕಬೇಕು. ಹಣ ಕೊಟ್ಟರೆ ಮಾತ್ರ ತೆರೆಯುವ ಪತ್ರಿಕೆಗಳ ವಿಷಯದಲ್ಲಿ ಈಗ ಒಂದು ಅನುಕೂಲವಾಗಿದೆ. 2025ರ ಜನವರಿಯಿಂದ ಜಾರಿಗೆ ಬಂದಿರುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ದೊರೆಯುತ್ತಿವೆ. ಮೈಸೂರು, ಧಾರವಾಡ, ಕಲಬುರಗಿಯಂಥ ಊರುಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವವರು ಮೊದಲು ತಮ್ಮ ಗ್ರಂಥಪಾಲಕರನ್ನು ವಿಚಾರಿಸಲಿ. ಯಾವ ದಾರಿಯೂ ಇಲ್ಲದಿದ್ದರೆ ಪ್ರಬಂಧದ ಸಂಪರ್ಕ ಲೇಖಕರಿಗೆ ವಿನಯದಿಂದ ಒಂದು ಇಮೇಲ್ ಬರೆಯಿರಿ. ಕೇಳಿದವರಿಗೆ ಪ್ರತಿ ಕಳಿಸುವ ಸಂಶೋಧಕರು ಬಹಳ ಮಂದಿ ಇದ್ದಾರೆ.

ಹೆಜ್ಜೆ 2: ಸಾರಾಂಶವನ್ನು ಬದಿಗಿಟ್ಟು ವಿಧಾನದ ಭಾಗದಿಂದ ಆರಂಭಿಸಿ

ಸಾರಾಂಶವನ್ನೂ ಕೊನೆಯ ಚರ್ಚೆಯನ್ನೂ ಮೊದಲು ಓದಿದರೆ ಲೇಖಕರ ತೀರ್ಮಾನ ಮನಸ್ಸಿನಲ್ಲಿ ಕೂತುಬಿಡುತ್ತದೆ. ಆಮೇಲೆ ಓದಿದ್ದೆಲ್ಲ ಅದಕ್ಕೆ ಪುರಾವೆಯಂತೆಯೇ ಕಾಣುತ್ತದೆ. ಆದ್ದರಿಂದ ಶೀರ್ಷಿಕೆ ನೋಡಿದ ಮೇಲೆ ನೇರವಾಗಿ ವಿಧಾನದ ಭಾಗಕ್ಕೆ ಹೋಗಿ, ಯಾರನ್ನು ಅಧ್ಯಯನಕ್ಕೆ ಸೇರಿಸಿಕೊಂಡರು, ಅವರಿಗೆ ಏನು ಮಾಡಿದರು, ಯಾರೊಡನೆ ಹೋಲಿಸಿದರು, ಕೊನೆಯಲ್ಲಿ ಏನನ್ನು ಎಣಿಸಿದರು ಎಂಬ ನಾಲ್ಕು ಸಂಗತಿಗಳನ್ನು ನಿಮ್ಮದೇ ಕನ್ನಡದಲ್ಲಿ ನಾಲ್ಕು ಸಾಲಾಗಿ ಬರೆಯಿರಿ. ಸಂಖ್ಯಾಶಾಸ್ತ್ರದ ಸೂತ್ರಗಳು ಅರ್ಥವಾಗದಿದ್ದರೆ ಸದ್ಯಕ್ಕೆ ಬಿಟ್ಟುಬಿಡಿ. ಆದರೆ ಈ ನಾಲ್ಕು ಸಾಲುಗಳಲ್ಲಿ ಒಂದನ್ನಾದರೂ ಬರೆಯಲು ಬೇಕಾದ ವಿವರ ಪ್ರಬಂಧದಲ್ಲಿ ಇಲ್ಲದಿದ್ದರೆ, ಆ ಕೊರತೆಯನ್ನೇ ಬರೆದುಕೊಳ್ಳಿ. ಅದು ನಿಮ್ಮ ದಡ್ಡತನವಲ್ಲ, ಪ್ರಬಂಧದ ದೋಷ.

ಹೆಜ್ಜೆ 3: ಅಳೆದ ವಸ್ತುವಿಗೂ ಬೇಕಾದ ವಸ್ತುವಿಗೂ ಎಷ್ಟು ದೂರ ಎಂದು ನೋಡಿ

ಎಲ್ಲ ಹೆಜ್ಜೆಗಳಲ್ಲಿ ಇದು ಮುಖ್ಯವಾದದ್ದು. ಸಮಯ ಕಡಿಮೆಯಿದ್ದರೆ ಇದೊಂದನ್ನಾದರೂ ಬಿಡಬಾರದು. ನಮಗೆ ಬೇಕಾದ ಸಂಗತಿಯನ್ನು ಅಳೆಯುವುದು ಕಷ್ಟ, ಅದರ ಪಕ್ಕದಲ್ಲಿರುವ ಇನ್ನೊಂದನ್ನು ಅಳೆಯುವುದು ಸುಲಭ. ಹೀಗಾಗಿ ಮೂರು ಕ್ಷೇತ್ರಗಳಲ್ಲೂ ಪಕ್ಕದ್ದನ್ನು ಅಳೆದು ಬೇಕಾದದ್ದರ ಬಗ್ಗೆ ಮಾತಾಡುವ ಪದ್ಧತಿ ಬೆಳೆದುಬಂದಿದೆ.

ವೈದ್ಯಕೀಯದಲ್ಲಿ ಇದಕ್ಕೆ ತೆತ್ತ ಬೆಲೆ ಜೀವಗಳಲ್ಲಿದೆ. ಹೃದಯಾಘಾತವಾದವರಲ್ಲಿ ನಡುನಡುವೆ ತಪ್ಪು ಬಡಿತಗಳು ಕಾಣಿಸಿದರೆ ಅವರು ಮುಂದೆ ಸಾಯುವ ಅಪಾಯ ಹೆಚ್ಚು ಎಂಬುದು ತಿಳಿದಿತ್ತು. ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಎಂಬ ಔಷಧಗಳು ಆ ತಪ್ಪು ಬಡಿತಗಳನ್ನು ಚೆನ್ನಾಗಿ ಅಡಗಿಸುತ್ತಿದ್ದವು. ಹಾಗಾಗಿ ಅವು ಸಾವನ್ನೂ ತಪ್ಪಿಸುತ್ತವೆ ಎಂದು ವೈದ್ಯರು ಪ್ರಾಮಾಣಿಕವಾಗಿ ನಂಬಿ ಬರೆದುಕೊಡುತ್ತಿದ್ದರು. ಕಾಸ್ಟ್ ಎಂಬ ಹೆಸರಿನ ಅಮೆರಿಕದ ಪರೀಕ್ಷೆ ಬಡಿತಗಳನ್ನು ಬಿಟ್ಟು ಸಾವುಗಳನ್ನೇ ಎಣಿಸಿತು. 1991ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಔಷಧ ಪಡೆದ 755 ಮಂದಿಯಲ್ಲಿ 63 ಮಂದಿ ಸತ್ತಿದ್ದರೆ, ಹುಸಿಮಾತ್ರೆ (ಔಷಧವಿಲ್ಲದ, ನೋಡಲು ಮಾತ್ರ ಅದರಂತಿರುವ ಮಾತ್ರೆ) ಪಡೆದ 743 ಮಂದಿಯಲ್ಲಿ ಸತ್ತವರು 26 ಮಂದಿ. ಇ.ಸಿ.ಜಿ. ಸುಧಾರಿಸಿತ್ತು, ರೋಗಿ ಉಳಿದಿರಲಿಲ್ಲ.

ಬೆಂಗಳೂರಿಗೆ ಸೇರಿದ ಒಂದು ಉದಾಹರಣೆಯೂ ಇದೆ, ಮತ್ತು ಅದು ಸಂತೋಷದ ಕಡೆಗೆ ವಾಲುವ ಉದಾಹರಣೆ. ರಕ್ತದೊತ್ತಡ, ಕೊಲೆಸ್ಟರಾಲ್ ಮತ್ತು ರಕ್ತ ಹೆಪ್ಪುಗಟ್ಟುವಿಕೆಯ ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿದ ಪಾಲಿಕ್ಯಾಪ್‌ನ ಅಧ್ಯಯನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರ ಪ್ರಮುಖ ಪಾತ್ರದೊಂದಿಗೆ ಭಾರತದ 50 ಕೇಂದ್ರಗಳಲ್ಲಿ ನಡೆದು 2009ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 2,053 ಮಂದಿಯನ್ನು 12 ವಾರ ಗಮನಿಸಿದ ಆ ಅಧ್ಯಯನ ಅಳೆದದ್ದು ರಕ್ತದೊತ್ತಡ, ಕೊಲೆಸ್ಟರಾಲ್ ಮುಂತಾದವನ್ನು. ಅವು ಇಳಿದ ಪ್ರಮಾಣದಿಂದ ಲೆಕ್ಕ ಹಾಕಿದರೆ ಹೃದ್ರೋಗ ಮತ್ತು ಪಾರ್ಶ್ವವಾಯು ಸುಮಾರು ಅರ್ಧದಷ್ಟು ತಗ್ಗಬಹುದು ಎಂಬ ಅಂದಾಜು ಹೊರಟಿತು. ಹೃದಯಾಘಾತ, ಪಾರ್ಶ್ವವಾಯು ಮತ್ತು ಸಾವುಗಳನ್ನೇ ಎಣಿಸಿದ ಟಿಪ್ಸ್-3 ಎಂಬ ಮುಂದಿನ ಪರೀಕ್ಷೆಯಲ್ಲಿ ಭಾರತವೂ ಸೇರಿ ಹಲವು ದೇಶಗಳ 5,713 ಮಂದಿಯನ್ನು ಸರಾಸರಿ 4.6 ವರ್ಷ ಗಮನಿಸಲಾಯಿತು. ಇಂಥದೇ ಸಂಯುಕ್ತ ಗುಳಿಗೆಯ ಜೊತೆಗೆ ಆಸ್ಪಿರಿನ್ ತೆಗೆದುಕೊಂಡವರಲ್ಲಿ ಅಪಾಯ ಸುಮಾರು 31 ಶೇಕಡಾ ತಗ್ಗಿತ್ತು. ನಡುವೆಯೇ ಮಾತ್ರೆ ನಿಲ್ಲಿಸಿದವರೂ ಅನೇಕರಿದ್ದರು. ಲಾಭ ನಿಜವಾಗಿತ್ತು, ಆದರೆ ಅಂದಾಜಿನಷ್ಟು ಇರಲಿಲ್ಲ. ಮೊದಲ ಅಧ್ಯಯನ ತಪ್ಪೇನೂ ಅಲ್ಲ. ಅದು ಅಳೆದದ್ದನ್ನು ಮೀರಿ ಓದುವವರ ಅವಸರ ಮಾತ್ರ ತಪ್ಪು.

ನಾಯಕತ್ವದ ಸಂಶೋಧನೆಯಲ್ಲಿ ಈ ದೂರ ಇನ್ನೂ ಹೆಚ್ಚು, ಏಕೆಂದರೆ ನಾಯಕತ್ವವನ್ನು ತೂಗುವ ತಕ್ಕಡಿಯೇ ಇಲ್ಲ. ಬಹುಪಾಲು ಅಧ್ಯಯನಗಳು ನೌಕರರ ಕೈಗೆ ಪ್ರಶ್ನಾವಳಿ ಕೊಡುತ್ತವೆ. ‘ನಿಮ್ಮ ಮುಖ್ಯಸ್ಥರು ನಿಮ್ಮನ್ನು ಹುರಿದುಂಬಿಸುತ್ತಾರೆಯೇ?’ ಎಂಬುದಕ್ಕೂ ‘ನಿಮ್ಮ ತಂಡ ಚೆನ್ನಾಗಿ ಕೆಲಸ ಮಾಡುತ್ತಿದೆಯೇ?’ ಎಂಬುದಕ್ಕೂ ಒಬ್ಬರೇ, ಒಂದೇ ಕೂರುವಿಕೆಯಲ್ಲಿ ಉತ್ತರಿಸಿದರೆ ಎರಡು ಉತ್ತರಗಳೂ ಒಂದನ್ನೊಂದು ಹೋಲುವುದು ಸಹಜ. ಆ ದಿನ ಅವರ ಮನಸ್ಸು ಹೇಗಿತ್ತು ಎಂಬುದನ್ನು ಎರಡು ಸಲ ಬರೆದುಕೊಂಡಂತಾಯಿತು ಅಷ್ಟೆ. ಸಂಸ್ಥೆಗಳಲ್ಲಿನ ವರ್ತನೆಯ ಸಂಶೋಧಕ ಬ್ಯಾರಿ ಸ್ಟಾ 1975ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಈ ಕಾರಣಕ್ಕೆ ನಾನು ಎಲ್ಲ ಎಂ.ಬಿ.ಎ. ವಿದ್ಯಾರ್ಥಿಗಳಿಗೂ ಹೇಳುತ್ತೇನೆ. ಮೂವರು ಮೂವರು ವಿದ್ಯಾರ್ಥಿಗಳ ತಂಡಗಳಿಗೆ ಒಂದು ಕಂಪನಿಯ ಲೆಕ್ಕಪತ್ರ ಕೊಟ್ಟು ಮುಂದಿನ ಮಾರಾಟ ಮತ್ತು ಗಳಿಕೆಯನ್ನು ಅಂದಾಜಿಸಲು ಹೇಳಲಾಯಿತು. ಬಳಿಕ ನಿಜವಾದ ಸಾಧನೆ ಏನೇ ಇರಲಿ, ಚೀಟಿ ಎತ್ತಿದಂತೆ ಕೆಲವು ತಂಡಗಳಿಗೆ ‘ನೀವು ತುಂಬಾ ಚೆನ್ನಾಗಿ ಮಾಡಿದಿರಿ’ ಎಂದೂ ಉಳಿದವಕ್ಕೆ ‘ಚೆನ್ನಾಗಿ ಆಗಲಿಲ್ಲ’ ಎಂದೂ ತಿಳಿಸಲಾಯಿತು. ಹೊಗಳಿಸಿಕೊಂಡ ತಂಡಗಳು ತಮ್ಮಲ್ಲಿ ಒಗ್ಗಟ್ಟು, ಸಂವಹನ, ಉತ್ಸಾಹ ಎಲ್ಲವೂ ಹೆಚ್ಚಾಗಿದ್ದವು ಎಂದು ಬರೆದುಕೊಟ್ಟವು. ಫಲಿತಾಂಶದ ಸುದ್ದಿಯೇ ಕಾರಣದ ನೆನಪನ್ನು ಬದಲಿಸಿತ್ತು. ಆದ್ದರಿಂದ ನಾಯಕತ್ವದ ಪ್ರಬಂಧ ಕೈಗೆ ಬಂದಾಗ, ಮುಖ್ಯಸ್ಥರ ಗುಣದ ಅಂಕವೂ ತಂಡದ ಸಾಧನೆಯ ಅಂಕವೂ ಬೇರೆ ಬೇರೆ ಮೂಲದಿಂದ, ಬೇರೆ ಬೇರೆ ಸಮಯದಲ್ಲಿ ಬಂದಿವೆಯೇ ಎಂದು ಮೊದಲು ಹುಡುಕಿ. ಬಂದಿಲ್ಲವಾದರೆ ಆ ಪ್ರಬಂಧದಿಂದ ನೌಕರರ ಭಾವನೆಯ ಬಗ್ಗೆ ತಿಳಿಯಬಹುದೇ ಹೊರತು ನಾಯಕತ್ವದ ಪರಿಣಾಮದ ಬಗ್ಗೆ ಅಲ್ಲ.

ಗ್ರಾಹಕ ವರ್ತನೆಯಲ್ಲಿ ಈ ಪರೀಕ್ಷೆ ಸುಲಭ. ‘ಕೊಳ್ಳುತ್ತೇನೆ’ ಎಂದು ಕಾಗದದ ಮೇಲೆ ಗುರುತು ಹಾಕಿದ್ದನ್ನು ಎಣಿಸಿದ್ದಾರೆಯೇ, ಅಥವಾ ಜೇಬಿನಿಂದ ಹಣ ತೆಗೆದದ್ದನ್ನೇ? ಮೊದಲನೆಯದಾದರೆ ‘ವರ್ತನೆ’ ಎಂಬ ಪದವನ್ನು ಹೊಡೆದುಹಾಕಿ ‘ಹೇಳಿಕೆ’ ಎಂದು ಬರೆದುಕೊಳ್ಳಿ.

ಹೆಜ್ಜೆ 4: ಯಾರೊಡನೆ ಹೋಲಿಸಿದರು, ಹಂಚಿಕೆ ಹೇಗಾಯಿತು

ಮುಟ್ಟು ನಿಂತ ನಂತರ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಮಹಿಳೆಯರಲ್ಲಿ ಹೃದಯಾಘಾತ ಕಡಿಮೆ ಎಂದು ದೊಡ್ಡ ದೊಡ್ಡ ವೀಕ್ಷಣಾ ಅಧ್ಯಯನಗಳು (ಜನ ತಾವೇ ಆರಿಸಿಕೊಂಡದ್ದನ್ನು ಗಮನಿಸಿ ಬರೆದುಕೊಳ್ಳುವ ಅಧ್ಯಯನಗಳು) ವರ್ಷಗಟ್ಟಲೆ ಹೇಳುತ್ತಿದ್ದವು. ಆದರೆ ಆ ಮಾತ್ರೆಯನ್ನು ಆರಿಸಿಕೊಂಡವರು ಸರಾಸರಿಯಲ್ಲಿ ಹೆಚ್ಚು ಅನುಕೂಲಸ್ಥರು, ಆರೋಗ್ಯದ ಬಗ್ಗೆ ಹೆಚ್ಚು ಕಾಳಜಿಯುಳ್ಳವರು. 16,608 ಮಹಿಳೆಯರನ್ನು ಚೀಟಿ ಎತ್ತುವ ಕ್ರಮದಲ್ಲಿ, ಅಂದರೆ ಯಾದೃಚ್ಛಿಕವಾಗಿ, ಎರಡು ಗುಂಪು ಮಾಡಿದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಪರೀಕ್ಷೆಯ 2002ರ ಫಲಿತಾಂಶದಲ್ಲಿ ಹೃದ್ರೋಗ ಕಡಿಮೆಯಾಗುವ ಬದಲು ತುಸು ಹೆಚ್ಚಾಗಿತ್ತು. ಮಾತ್ರೆ ತಿನ್ನುವವರಿಗೂ ತಿನ್ನದವರಿಗೂ ಮೊದಲೇ ಇದ್ದ ವ್ಯತ್ಯಾಸವನ್ನು ಹಿಂದಿನ ಅಧ್ಯಯನಗಳು ಮಾತ್ರೆಯ ಗುಣ ಎಂದು ಓದಿದ್ದವು.

ನಾಯಕತ್ವ ಮತ್ತು ನಿರ್ವಹಣೆಯಲ್ಲಿ ಇಂಥ ಚೀಟಿ ಎತ್ತುವ ಪರೀಕ್ಷೆ ಸಾಧ್ಯವೇ ಇಲ್ಲ ಎಂದು ಹೇಳುವವರಿಗೆ ಮುಂಬಯಿ ಸುತ್ತಲಿನ ಬಟ್ಟೆ ಕಾರ್ಖಾನೆಗಳನ್ನು ತೋರಿಸಬೇಕು. ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು 17 ಸಂಸ್ಥೆಗಳ ಕಾರ್ಖಾನೆಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ಕಾರ್ಖಾನೆಗಳಿಗೆ ಸಲಹೆಗಾರರು ತಿಂಗಳುಗಟ್ಟಲೆ ಬಂದು ದಾಸ್ತಾನು ಲೆಕ್ಕ, ಗುಣಮಟ್ಟದ ದಾಖಲೆ, ಯಂತ್ರಗಳ ನಿರ್ವಹಣೆ ಮುಂತಾದ ಕ್ರಮಗಳನ್ನು ಜಾರಿಗೆ ತಂದರು. ಹೋಲಿಕೆಯ ಕಾರ್ಖಾನೆಗಳಲ್ಲಿ ಪರಿಶೀಲನೆ ಮಾತ್ರ ನಡೆಯಿತು. ಮೊದಲ ವರ್ಷದಲ್ಲಿ ಉತ್ಪಾದಕತೆ 17 ಶೇಕಡಾ ಏರಿತು. ಇಲ್ಲಿ ಅಳೆದದ್ದು ಮಾಲೀಕರ ವ್ಯಕ್ತಿತ್ವವನ್ನಲ್ಲ, ಕೆಲಸದ ಕ್ರಮವನ್ನು. ಎಣಿಸಿದ್ದು ಅಭಿಪ್ರಾಯವನ್ನಲ್ಲ, ಮಗ್ಗದಿಂದ ಹೊರಬಂದ ಬಟ್ಟೆಯನ್ನು. ನಾಯಕತ್ವದ ಬಗ್ಗೆ ನೂರು ಪ್ರಶ್ನಾವಳಿಗಳಿಗಿಂತ ಇಂಥದೊಂದು ಅಧ್ಯಯನ ಹೆಚ್ಚು ಕಲಿಸುತ್ತದೆ ಎಂದು ನಾನು ನಂಬುತ್ತೇನೆ.

ಹೆಜ್ಜೆ 5: ಯಾರು ಮತ್ತು ಎಷ್ಟು ಮಂದಿ

ಮೇಲೆ ಹೇಳಿದ ಹಾರ್ಮೋನ್ ಪರೀಕ್ಷೆಯಲ್ಲಿ ಮಹಿಳೆಯರ ಸರಾಸರಿ ವಯಸ್ಸು 63. ಈಗಷ್ಟೇ ಮುಟ್ಟು ನಿಂತ ಐವತ್ತರ ಮಹಿಳೆಗೆ ಅದೇ ಫಲಿತಾಂಶವನ್ನು ನೇರವಾಗಿ ಅನ್ವಯಿಸಲಾಗದು; ಅವರು ತಮ್ಮ ವೈದ್ಯರನ್ನೇ ಕೇಳಬೇಕು.

ಗ್ರಾಹಕ ಸಂಶೋಧನೆಯ ಜಾಮ್ ಪ್ರಯೋಗ ಜಗತ್ತಿನ ಅನೇಕ ಮಾರುಕಟ್ಟೆ ತರಗತಿಗಳಲ್ಲಿ ಪಾಠವಾಗಿದೆ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಕ್ಯಾಲಿಫೋರ್ನಿಯಾದ ಒಂದು ದುಬಾರಿ ದಿನಸಿ ಅಂಗಡಿಯಲ್ಲಿ ಒಮ್ಮೆ 24 ಬಗೆಯ, ಒಮ್ಮೆ 6 ಬಗೆಯ ಜಾಮ್‌ಗಳನ್ನು ರುಚಿಗೆ ಇಡಲಾಯಿತು. 24 ಇದ್ದಾಗ ಹೆಚ್ಚು ಮಂದಿ ನಿಂತರು, ಆದರೆ ನಿಂತ 145 ಮಂದಿಯಲ್ಲಿ ಕೊಂಡವರು 4. ಆರು ಇದ್ದಾಗ ನಿಂತ 104 ಮಂದಿಯಲ್ಲಿ ಕೊಂಡವರು 31. ನಿಜವಾದ ಖರೀದಿಯನ್ನೇ ಎಣಿಸಿದ್ದು ಈ ಅಧ್ಯಯನದ ದೊಡ್ಡ ಗುಣ. ಆದರೂ ನೋಟ್‌ಬುಕ್‌ನಲ್ಲಿ ಹೀಗೆ ಬರೆಯಿರಿ: ಒಂದು ಅಂಗಡಿ, ಒಂದು ವಸ್ತು, ಒಂದು ದೇಶ, ಒಟ್ಟು 35 ಖರೀದಿ. ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಐವತ್ತು ಸೀರೆ ಬಿಡಿಸಿ ನೋಡಿದ ಮೇಲೆ ಕೊಳ್ಳುವವರಿಗೆ ಇದು ಅನ್ವಯಿಸುತ್ತದೆಯೇ ಎಂಬುದು ಬೇರೆಯಾಗಿ ಅಳೆಯಬೇಕಾದ ಪ್ರಶ್ನೆ. ಮನಶ್ಶಾಸ್ತ್ರದ ಪ್ರಮುಖ ಪತ್ರಿಕೆಗಳ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ 96 ಶೇಕಡಾ ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು, ಆ ದೇಶಗಳಲ್ಲಿರುವುದು ಜಗತ್ತಿನ 12 ಶೇಕಡಾ ಜನ ಎಂಬ ಅಂಶ 2010ರಲ್ಲಿ ದೊಡ್ಡ ಚರ್ಚೆಗೆ ಕಾರಣವಾಗಿತ್ತು.

ಹೆಜ್ಜೆ 6: ಶೇಕಡಾವನ್ನು ತಲೆಗಳಾಗಿ ಬದಲಿಸಿ

‘ಅಪಾಯ 29 ಶೇಕಡಾ ಹೆಚ್ಚು’ ಎಂಬ ಮಾತು ಯಾರನ್ನಾದರೂ ಹೆದರಿಸುತ್ತದೆ. ಹಾರ್ಮೋನ್ ಪರೀಕ್ಷೆಯ ಹೃದ್ರೋಗದ ಅಂಕಿ ಅದೇ. ಅದನ್ನೇ ತಲೆಗಳಲ್ಲಿ ಹೇಳಿದರೆ, 10,000 ಮಹಿಳೆಯರು ಒಂದು ವರ್ಷ ಮಾತ್ರೆ ತೆಗೆದುಕೊಂಡರೆ ಹೆಚ್ಚುವರಿಯಾಗಿ 7 ಮಂದಿಗೆ ಹೃದ್ರೋಗ. ಎರಡೂ ಸತ್ಯ, ಮೊದಲನೆಯದು ಅನುಪಾತ, ಎರಡನೆಯದು ನಿಮ್ಮ ನೆರೆಹೊರೆಯಲ್ಲಿ ಎಣಿಸಬಹುದಾದ ಲೆಕ್ಕ. ಔಷಧದ ಲಾಭವನ್ನು ಅನುಪಾತದಲ್ಲೂ ಅಡ್ಡಪರಿಣಾಮವನ್ನು ತಲೆಲೆಕ್ಕದಲ್ಲೂ ಹೇಳಿರುವ ಬರಹ ಕಂಡರೆ ಎಚ್ಚರಗೊಳ್ಳಿ, ಎರಡನ್ನೂ ಒಂದೇ ಅಳತೆಗೆ ತನ್ನಿ.

ಟಿಪ್ಸ್-3ರ ಅಂಕಿಗಳಿಂದ ಅಭ್ಯಾಸ ಮಾಡಬಹುದು. ಸಂಯುಕ್ತ ಗುಳಿಗೆ ಪಡೆದವರಲ್ಲಿ 4.4 ಶೇಕಡಾ, ಹುಸಿಮಾತ್ರೆಯವರಲ್ಲಿ 5.5 ಶೇಕಡಾ ಮಂದಿ ಹೃದಯ ಅಥವಾ ರಕ್ತನಾಳದ ಗಂಭೀರ ತೊಂದರೆಗೆ ಒಳಗಾದರು. ವ್ಯತ್ಯಾಸ 1.1. ನೂರನ್ನು 1.1ರಿಂದ ಭಾಗಿಸಿದರೆ ಸುಮಾರು 91. ಅಂದರೆ ನಾಲ್ಕೂವರೆ ವರ್ಷದಷ್ಟು ಕಾಲ 91 ಮಂದಿ ಗುಳಿಗೆ ನುಂಗಿದರೆ ಒಬ್ಬರಿಗೆ ಆ ತೊಂದರೆ ತಪ್ಪುತ್ತದೆ. ಅಗ್ಗದ ಗುಳಿಗೆಗೆ ಇದು ಸಣ್ಣ ಲಾಭವಲ್ಲ. ಪ್ರಬಂಧದ ಅದೇ ಸಾಲಿನಲ್ಲಿ 0.79 ಎಂಬ ಅಪಾಯದ ಅನುಪಾತವೂ (ಹುಸಿಮಾತ್ರೆಯವರ ಅಪಾಯಕ್ಕೆ ಹೋಲಿಸಿದರೆ ಗುಳಿಗೆಯವರ ಅಪಾಯ ಎಷ್ಟು ಪಾಲು ಎಂಬ ಅಂಕಿ), ಅದರ ಮುಂದೆ 0.63ರಿಂದ 1.00 ಎಂಬ ವ್ಯಾಪ್ತಿಯೂ (ನಿಜವಾದ ಅನುಪಾತ ಇರಬಹುದಾದ ಮಿತಿ) ಇರುತ್ತದೆ. ಒಂದು ಎಂದರೆ ಯಾವ ವ್ಯತ್ಯಾಸವೂ ಇಲ್ಲ ಎಂದರ್ಥ. ಈ ವ್ಯಾಪ್ತಿ ಒಂದನ್ನು ಮುಟ್ಟಿ ನಿಂತಿದೆಯಾದ್ದರಿಂದ ಗುಳಿಗೆಯೊಂದರ ಲಾಭ ಗಟ್ಟಿಯಾಗಿ ಸಾಬೀತಾಯಿತು ಎನ್ನಲಾಗದು. ಆಸ್ಪಿರಿನ್ ಸೇರಿದಾಗಿನ ವ್ಯಾಪ್ತಿ 0.50ರಿಂದ 0.97, ಅದು ಒಂದಕ್ಕಿಂತ ಕೆಳಗೇ ಇದೆ. ಹೀಗೆ ಪಿ-ಮೌಲ್ಯಕ್ಕಿಂತ (ನಿಜವಾದ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣಿಸುವ ಸಾಧ್ಯತೆ) ಮೊದಲು ವ್ಯಾಪ್ತಿಯನ್ನು ಓದುವುದು ಒಳ್ಳೆಯದು.

ಹೆಜ್ಜೆ 7: ಏನನ್ನು ಅಳೆಯುತ್ತೇವೆ ಎಂದು ಮೊದಲೇ ಘೋಷಿಸಿದ್ದರೇ ಎಂದು ನೋಡಿ

ಯಾವ ಪರಿಣಾಮವೂ ಇಲ್ಲದ ವಸ್ತುವಿನ ಮೇಲೆ 20 ಪ್ರತ್ಯೇಕ ಅಳತೆಗಳನ್ನು ಮಾಡಿದರೂ, ಪಿ-ಮೌಲ್ಯಕ್ಕೆ 0.05ರ ಗಡಿ ಇಟ್ಟುಕೊಂಡರೆ, ಒಂದಾದರೂ ಆಕಸ್ಮಿಕವಾಗಿ ‘ಗಮನಾರ್ಹ’ ಎಂದು ಬರುವ ಸಾಧ್ಯತೆ 64 ಶೇಕಡಾ. ಆ ಒಂದನ್ನು ಮಾತ್ರ ಆಯ್ದು ಬರೆದರೆ ಸೊಗಸಾದ ಪ್ರಬಂಧವಾಗುತ್ತದೆ. ಇದನ್ನು ತಡೆಯಲು ಅಧ್ಯಯನಕ್ಕೆ ಮೊದಲೇ ಮುಖ್ಯ ಅಳತೆಯನ್ನು ನೋಂದಾಯಿಸುವ ವ್ಯವಸ್ಥೆ ಬಂದಿದೆ. ಅದರ ಬಲ ಎಷ್ಟು ಎಂಬುದು 2015ರ ಒಂದು ಪರಿಶೀಲನೆಯಿಂದ ತಿಳಿಯುತ್ತದೆ: ಅಮೆರಿಕದ ರಾಷ್ಟ್ರೀಯ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆ ಹಣ ಕೊಟ್ಟ ದೊಡ್ಡ ಪರೀಕ್ಷೆಗಳಲ್ಲಿ 2000ಕ್ಕೆ ಮೊದಲು ಪ್ರಕಟವಾದ 30ರಲ್ಲಿ 17 ಲಾಭ ತೋರಿಸಿದ್ದವು, ನೋಂದಣಿ ಬಂದ ಮೇಲಿನ 25ರಲ್ಲಿ ಲಾಭ ತೋರಿಸಿದವು 2 ಮಾತ್ರ.

ಭಾರತದಲ್ಲಿ ಇಂಥ ನೋಂದಣಿಯ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ (ಸಿ.ಟಿ.ಆರ್.ಐ.) 2007ರಲ್ಲಿ ಆರಂಭವಾಯಿತು, 2009ರ ಜೂನ್‌ನಿಂದ ಔಷಧ ಪರೀಕ್ಷೆಗಳಿಗೆ ನೋಂದಣಿ ಕಡ್ಡಾಯವಾಯಿತು. ಪ್ರಬಂಧದಲ್ಲಿ ಸಿ.ಟಿ.ಆರ್.ಐ. ಎಂದು ಆರಂಭವಾಗುವ ಸಂಖ್ಯೆಯಿದ್ದರೆ ಅದನ್ನು ಆ ಜಾಲತಾಣದಲ್ಲಿ ಹಾಕಿ, ನೋಂದಾಯಿಸಿದ ಮುಖ್ಯ ಅಳತೆಯೂ ಪ್ರಬಂಧದ ಮುಖ್ಯ ಅಳತೆಯೂ ಒಂದೇ ಆಗಿವೆಯೇ ಎಂದು ಹೋಲಿಸಿ. ನಾಯಕತ್ವ ಮತ್ತು ಗ್ರಾಹಕ ಕ್ಷೇತ್ರಗಳಲ್ಲಿ ಈ ಪದ್ಧತಿ ತಡವಾಗಿ ಬಂದಿದೆ. ಹಳೆಯ ಪ್ರಬಂಧಗಳಲ್ಲಿ ಅದನ್ನು ನಿರೀಕ್ಷಿಸಬೇಡಿ, ಹೊಸ ಪ್ರಬಂಧಗಳಲ್ಲಿ ಕೇಳಿಯೇ ಕೇಳಿ. ಹಣ ಕೊಟ್ಟವರು ಯಾರು ಎಂಬ ಸಾಲು ಪ್ರಬಂಧದ ಕೊನೆಯಲ್ಲಿರುತ್ತದೆ. ಅದನ್ನೂ ಇದೇ ಹೆಜ್ಜೆಯಲ್ಲಿ ಓದಿಬಿಡಿ.

ಹೆಜ್ಜೆ 8: ಪ್ರಕಟವಾದ ಮೇಲೆ ಏನಾಯಿತು ಎಂದು ವಿಚಾರಿಸಿ

ಗೂಗಲ್ ಸ್ಕಾಲರ್‌ನಲ್ಲಿ ಪ್ರತಿ ಪ್ರಬಂಧದ ಕೆಳಗೆ ಅದನ್ನು ಉಲ್ಲೇಖಿಸಿದ ಮುಂದಿನ ಪ್ರಬಂಧಗಳ ಕೊಂಡಿ ಇರುತ್ತದೆ. ಅದನ್ನು ಒತ್ತಿ, ಪುನರಾವರ್ತನೆ (ಅದೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿದ್ದು) ಮತ್ತು ಸಮಗ್ರ ವಿಶ್ಲೇಷಣೆಗಳನ್ನು (ಹಲವು ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದ್ದು) ಹುಡುಕಿ. ಜಾಮ್ ಪ್ರಯೋಗದಂಥ 50 ಪ್ರಯೋಗಗಳನ್ನು 2010ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಪರಿಣಾಮ ಹೆಚ್ಚುಕಡಿಮೆ ಸೊನ್ನೆಯಾಗಿತ್ತು. 2015ರ ಇನ್ನೊಂದು ವಿಶ್ಲೇಷಣೆ, ಆಯ್ಕೆ ಎಷ್ಟು ಕಷ್ಟದ್ದು, ಕೊಳ್ಳುವವರಿಗೆ ಏನು ಬೇಕೆಂದು ಮೊದಲೇ ಗೊತ್ತಿದೆಯೇ ಎಂಬಂಥ ಸಂಗತಿಗಳನ್ನು ಅವಲಂಬಿಸಿ ಪರಿಣಾಮ ಕಾಣಿಸಿಕೊಳ್ಳುತ್ತದೆ ಎಂದು ತೋರಿಸಿತು. ಎದೆ ಉಬ್ಬಿಸಿ, ಕೈಕಾಲು ಅಗಲಿಸಿ ಎರಡು ನಿಮಿಷ ನಿಂತರೆ ಹಾರ್ಮೋನುಗಳೇ ಬದಲಾಗಿ ನಾಯಕನ ಧೈರ್ಯ ಬರುತ್ತದೆ ಎಂದ 2010ರ ಪ್ರಸಿದ್ಧ ಅಧ್ಯಯನದಲ್ಲಿ ಇದ್ದವರು 42 ಮಂದಿ. 200 ಮಂದಿಯೊಡನೆ 2015ರಲ್ಲಿ ಪ್ರಕಟವಾದ ಪುನರಾವರ್ತನೆಯಲ್ಲಿ ಧೈರ್ಯ ಬಂದಂತೆ ಅನಿಸಿತು, ಹಾರ್ಮೋನು ಬದಲಾಗಲಿಲ್ಲ. ಮೂಲ ಪ್ರಬಂಧದ ಮೊದಲ ಲೇಖಕಿಯೇ 2016ರಲ್ಲಿ ಆ ಪರಿಣಾಮದಲ್ಲಿ ತಮಗೆ ನಂಬಿಕೆ ಉಳಿದಿಲ್ಲ ಎಂದು ಬಹಿರಂಗವಾಗಿ ಬರೆದರು. ಆ ಪ್ರಾಮಾಣಿಕತೆಗೆ ನನ್ನ ಗೌರವವಿದೆ. ತರಬೇತಿ ಶಿಬಿರಗಳಲ್ಲಿ ಮಾತ್ರ ಆ ಭಂಗಿಯನ್ನು ಇಂದಿಗೂ ಕಲಿಸುವವರಿದ್ದಾರೆ.

ಹಿಂತೆಗೆದುಕೊಂಡ ಪ್ರಬಂಧಗಳನ್ನು ರಿಟ್ರ್ಯಾಕ್ಷನ್ ವಾಚ್‌ನ ದತ್ತಸಂಗ್ರಹದಲ್ಲಿ ಉಚಿತವಾಗಿ ಹುಡುಕಬಹುದು. 12 ಮಕ್ಕಳ ವಿವರದ ಮೇಲೆ ಎಂ.ಎಂ.ಆರ್. (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯ ಬಗ್ಗೆ ಭಯ ಹುಟ್ಟಿಸಿದ 1998ರ ಪ್ರಬಂಧವನ್ನು ಲ್ಯಾನ್ಸೆಟ್ ಹಿಂತೆಗೆದುಕೊಂಡದ್ದು 2010ರಲ್ಲಿ. ಆ ಭಯ ಇಂದಿಗೂ ಮನೆಮನೆಗಳಲ್ಲಿ ಸುತ್ತುತ್ತಿದೆ. ಅರ್ಜಿಯ ಮೇಲ್ಭಾಗದಲ್ಲಿ ಸಹಿ ಹಾಕಿಸಿದರೆ ಜನ ಹೆಚ್ಚು ಪ್ರಾಮಾಣಿಕರಾಗುತ್ತಾರೆ ಎಂದ 2012ರ ಪ್ರಬಂಧದ ಲೇಖಕರು 2020ರಲ್ಲಿ ತಾವೇ ಮತ್ತೆ ಪರೀಕ್ಷಿಸಿ ಆ ಪರಿಣಾಮ ಸಿಗಲಿಲ್ಲ ಎಂದು ಪ್ರಕಟಿಸಿದರು, 2021ರಲ್ಲಿ ಅದರ ದತ್ತಾಂಶದ ಬಗ್ಗೆ ಪ್ರಶ್ನೆಗಳೆದ್ದು ಪ್ರಬಂಧ ಹಿಂತೆಗೆದುಕೊಳ್ಳಲ್ಪಟ್ಟಿತು.

ಮುಂದಿನ ಅಧ್ಯಯನ ಯಾವಾಗಲೂ ಹಿಂದಿನದನ್ನು ಕೆಡವುತ್ತದೆ ಎಂದೇನೂ ಇಲ್ಲ. ಬಟ್ಟೆ ಕಾರ್ಖಾನೆಗಳಿಗೆ ಅದೇ ಸಂಶೋಧಕರು ಒಂಬತ್ತು ವರ್ಷದ ಬಳಿಕ ಮತ್ತೆ ಹೋದಾಗ, ಜಾರಿಗೆ ತಂದಿದ್ದ ಕ್ರಮಗಳಲ್ಲಿ ಸುಮಾರು ಅರ್ಧ ಕೈಬಿಟ್ಟುಹೋಗಿದ್ದವು, ಆದರೂ ಹೋಲಿಕೆಯ ಕಾರ್ಖಾನೆಗಳಿಗಿಂತ ಅವು ಮುಂದಿದ್ದವು. ಕ್ರಮಗಳು ಬಿದ್ದುಹೋದದ್ದಕ್ಕೆ ಕಾರ್ಖಾನೆಯ ವ್ಯವಸ್ಥಾಪಕರು ಬದಲಾದದ್ದೂ ಮಾಲೀಕರಿಗೆ ಸಮಯವಿಲ್ಲದ್ದೂ ಮುಖ್ಯ ಕಾರಣಗಳೆಂದು ಕಂಡುಬಂತು. ಹೀಗಾಗಿ ನಿಮ್ಮ ನಾಲ್ಕು ಸಾಲುಗಳ ಟಿಪ್ಪಣಿಯ ಕೆಳಗೆ, ಪ್ರಬಂಧ ಓದಿದ ದಿನಾಂಕವನ್ನೂ ಎರಡು ವರ್ಷ ಮುಂದಿನ ಒಂದು ದಿನಾಂಕವನ್ನೂ ಬರೆದಿಡಿ, ಆ ದಿನ ಬಂದಾಗ ಅದೇ ಕೊಂಡಿಯನ್ನು ಮತ್ತೊಮ್ಮೆ ಒತ್ತಿ ನೋಡಿ.